ಸೇವಂತಿಗೆ ಪಾತಿಗೆ ನೀರು ಹಾಕುವವರು

ಸೇವಂತಿಗೆ ಗಿಡವನ್ನು ಹೂ ಮುಗಿದ ಮೇಲೆ ಬುಡಮಟ್ಟ ಕತ್ತರಿಸುತ್ತೇವೆ. ಬುಡದಿಂದ ಬೆರಳುದ್ದದ ಮರಿಗಳು ಏಳುತ್ತವೆ. ಮೊದಲ ಮಳೆ ಬೀಳುವವರೆಗೆ ಅವಕ್ಕೆ ದಿನವೂ ನೀರು ಚಿಮುಕಿಸಬೇಕು. ಮಾರ್ಚ್ ಬಿಸಿಲಲ್ಲಿ ಮೂರು ದಿನ ತಪ್ಪಿದರೆ ಆ ವರ್ಷದ ಗಿಡವಷ್ಟೇ ಅಲ್ಲ, ತಳಿಯೇ ಹೋಯಿತು. ನನ್ನ ಬಿಳಿ ಸೇವಂತಿಗೆ ಹಾಗೆ ಹನ್ನೆರಡು ಬೇಸಿಗೆ ದಾಟಿತ್ತು. ದೇವರ ದಯೆ.

ಆ ವರ್ಷ ಮಾರ್ಚಿನಲ್ಲೇ ನನ್ನ ತಂಗಿಗೆ ಹಾಸನದಲ್ಲಿ ಗರ್ಭಕೋಶದ ಆಪರೇಷನ್ ಎಂದಾಯಿತು. ಜೊತೆಗಿರಲು ನಾನೇ ಹೋಗಬೇಕು. ನಮ್ಮ ಯಜಮಾನರು ಹೆಗ್ಗದ್ದೆ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಮನೆಗೆ ಬರುತ್ತಿದ್ದುದು ಭಾನುವಾರ ಮಾತ್ರ. ಹೊರಡುವ ಮುಂಚೆ ದೇವರ ಮುಂದೆ ನಿಂತು, "ತಾಯಿ, ಅವಳನ್ನು ಎಬ್ಬಿಸಿ ಕೂರಿಸು, ಈ ಸಲದ ಮೊದಲ ಹೂವೆಲ್ಲ ನಿನಗೇ" ಎಂದು ಹರಕೆ ಹೊತ್ತೆ. ಹೊತ್ತ ಮೇಲೆ ಹೆದರಿಕೆ ಶುರುವಾಯಿತು. ಪಾತಿ ಒಣಗಿ ಹೂವೇ ಬರದಿದ್ದರೆ ತಂಗಿಯ ಗತಿ ಏನು?

ಪಕ್ಕದ ಮನೆಯವಳಿಗೆ ಪಾತಿ ವಹಿಸಿದೆ. ನನಗಿಂತ ಹತ್ತು ವರ್ಷ ಚಿಕ್ಕವಳು. ತಳಕ್ಕೆ ತೂತು ಹೊಡೆದ ಹಾಲಿನ ಪುಡಿ ಡಬ್ಬಿ ಅವಳ ಕೈಗಿತ್ತು, "ಸಾಲಿಗೆ ಎರಡು ಡಬ್ಬಿ. ಬೆಳಿಗ್ಗೆ ಒಂದ್ಸಲ, ಇಳಿಹೊತ್ತಲ್ಲಿ ಒಂದ್ಸಲ. ಮೇಲಿಂದ ಸುರೀಬೇಡ" ಎಂದು ಮೂರು ಸಲ ಹೇಳಿದೆ.

"ಆಯ್ತು ಕಣಕ್ಕ. ನನ್ ಮಕ್ಳು ಹುಟ್ಟಿದಾಗ್ಲೂ ಯಾರೂ ಇಷ್ಟು ಹೇಳಿರ್ಲಿಲ್ಲ" ಎಂದಳು.

ಆಪರೇಷನ್ ಸುಸೂತ್ರವಾಗಿ ಆಯಿತು. ಮೊದಲ ದಿನ ನೀರು ಕೊಡುವಂತಿರಲಿಲ್ಲ. ತಂಗಿ "ನೀರು, ನೀರು" ಎಂದಾಗಲೆಲ್ಲ ಒದ್ದೆ ಹತ್ತಿಯನ್ನು ಅವಳ ತುಟಿಗೆ ಒತ್ತುತ್ತಾ ನನಗೆ ಪಾತಿ ನೆನಪಾಗುತ್ತಿತ್ತು. ಎಂಥ ಅಕ್ಕ ನಾನು ಎಂದು ನಾಚಿಕೆಯೂ ಆಗುತ್ತಿತ್ತು.

ನಾಲ್ಕನೇ ದಿನ ಆಸ್ಪತ್ರೆ ಎದುರಿನ ಬೂತಿನಿಂದ ಪಕ್ಕದ ಮನೆಗೆ ಫೋನ್ ಮಾಡಿದೆ.

"ಅಕ್ಕ, ನಾನು ನಿನ್ನೆಯಿಂದ ಹೊರಗೆ. ಪಾತಿ ಹತ್ರ ಹೋಗಿಲ್ಲ" ಎಂದಳು.

ಮುಟ್ಟಾದ ದಿನಗಳಲ್ಲಿ ದೇವರ ಹೂವಿನ ಗಿಡದ ಹತ್ತಿರ ಹೋಗಬಾರದೆನ್ನುವುದು ನಮ್ಮ ಕಡೆ ಎಲ್ಲರ ಮನೆಯ ನಿಯಮ. ಆದರೆ ಅವಳಿಗೆ ಅದನ್ನು ಬಾಯಿಪಾಠ ಮಾಡಿಸಿದವಳು ನಾನು. ಹಿಂದೊಮ್ಮೆ ಅಂಥ ದಿನ ಅವಳು ಬೇಲಿ ದಾಟಿ ಬಂದಾಗ, "ಅಲ್ಲೇ ನಿಲ್ಲು ಮಾರಾಯ್ತಿ, ನಿನ್ ನೆರಳು ಬಿದ್ರೂ ಗಿಡ ಬಾಡ್ತದೆ" ಎಂದು ಕೂಗಿದ್ದೆ.

"ನಿನ್ ಯಜಮಾನ್ರಿಗೆ ಹೇಳೆ."

"ಅವ್ರು ಮೆಣಸು ಕುಯ್ಸಕ್ಕೆ ಹೋದ್ರೆ ಬರದು ಕತ್ಲಾದ್ಮೇಲೆ. ನಿನ್ನೆ ಬಿಂದಿಗೆ ತಗಂಡೋಗಿ ದಬಕ್ಕಂತ ಸುರಿದ್ಬುಟ್ರು. ಒಂದು ಸಾಲು ಮಣ್ಣು ಸಮೇತ ಕೊಚ್ಕೊಂಡ್ ಹೋಗೈತೆ. ಸಾಕು ಬನ್ನಿ ಪುಣ್ಯಾತ್ಮ ಅಂತ ಬೇಲಿ ಹೊರಗಿಂದ ನಾನೇ ಕೂಗ್ದೆ."

"ಹಂಗಾದ್ರೆ ನೀನೇ ಹಾಕು" ಎಂದೆ. ನನ್ನ ಬಾಯಿಂದ ಆ ಮಾತು ಬಂದದ್ದು ನನಗೇ ನಂಬಲಾಗಲಿಲ್ಲ.

"ಬ್ಯಾಡ ಕಣಕ್ಕ. ನನ್ ನೆರಳಿಗೇ ಬಾಡೋ ಗಿಡ, ನಾನೇ ಹೋಗಿ ನೀರು ಹಾಕಿದ್ರೆ ಉಳೀತದಾ? ಅದೂ ಹರಕೆ ಹೂವು. ನಿಮ್ ತಂಗಿಗೆ ಏನಾರಾ ಆದ್ರೆ ನನ್ ತಲೆಗೇ ಬರದು."

"ಪಾಪ ಬಂದ್ರೆ ನಂಗಿರ್ಲಿ."

"ಈಗ ಹಂಗಂತೀರಿ. ಆಮೇಲೆ ಒಂದು ಗಿಡ ಬಾಡಿದ್ರೂ ಅವಳಿಂದ್ಲೇ ಅಂತೀರಿ."

"ಅನ್ನಲ್ಲ. ಆ ತಾಯಾಣೆ ಅನ್ನಲ್ಲ."

"ನೋಡಣ" ಎಂದು ಫೋನಿಟ್ಟಳು.

ಮತ್ತೆ ಫೋನ್ ಮಾಡುವ ಧೈರ್ಯ ಬರಲಿಲ್ಲ. ಹಾಕಿಲ್ಲ ಎಂದರೂ ಸಂಕಟ, ಹಾಕಿದೆ ಎಂದರೂ ಸಂಕಟ. ಆರನೇ ದಿನ ಸಂಜೆ ತಂಗಿಗೆ ಮೈ ಬಿಸಿಯಾಯಿತು. ಅಯ್ಯೋ, ಪಕ್ಕದ ಮನೆಯವಳು ನೀರು ಹಾಕಿಬಿಟ್ಟಳು ಎಂದುಕೊಂಡೆ. ಬೆಳಿಗ್ಗೆ ಜ್ವರ ಇಳಿಯಿತು. ಹಾಗಾದರೆ ಹಾಕಿಲ್ಲ, ಗಿಡ ಸತ್ತಿದೆ ಎಂದುಕೊಂಡೆ. ತಂಗಿಯ ಗಾಯ ಒರೆಸಿ ಪಟ್ಟಿ ಬದಲಾಯಿಸುತ್ತಿದ್ದ ನರ್ಸಮ್ಮ ತಿಂಗಳಲ್ಲಿ ಮೂರು ದಿನ ಏನು ಮಾಡುತ್ತಾಳೆ ಎಂಬ ಯೋಚನೆ ಬಂದದ್ದೂ ಆಗಲೇ. ಕೇಳಲಿಲ್ಲ. ಅವಳ ಕೈ ತಣ್ಣಗೆ, ಹಗುರವಾಗಿತ್ತು.

ಹತ್ತನೇ ದಿನ ತಂಗಿಯನ್ನು ಅವಳ ಮನೆ ಸೇರಿಸಿ, ದೇವಸ್ಥಾನದಲ್ಲಿ ಒಂದು ಬಾಟಲಿ ತೀರ್ಥ ತೆಗೆದುಕೊಂಡು ಬಸ್ಸು ಹತ್ತಿದೆ. ಮೈಲಿಗೆಯಾದ ಪಾತಿಗೆ ಚಿಮುಕಿಸಲೆಂದೇ ತೆಗೆದುಕೊಂಡದ್ದು. ನಮ್ಮೂರು ಮಗ್ಗೆಯಲ್ಲಿ ಇಳಿದು ಮನೆವರೆಗೆ ಹೆಚ್ಚುಕಡಿಮೆ ಓಡಿದೆ. ಚೀಲ ಜಗಲಿಯ ಮೇಲೆ ಹಾಕಿ, ಬಾಟಲಿ ಹಿಡಿದು ಹಿತ್ತಲಿಗೆ ಹೋದೆ.

ಐದು ಸಾಲಿನಲ್ಲಿ ನಾಲ್ಕು ಹಸಿರಾಗಿದ್ದವು. ಪಡುವಣ ಬಿಸಿಲಿಗೆ ಮರೆಯಾಗುವಂತೆ ಸೊಪ್ಪಿನ ರೆಂಬೆಗಳನ್ನು ಯಾರೋ ಸಾಲಾಗಿ ಊರಿದ್ದರು. ಮಣ್ಣು ಇನ್ನೂ ಒದ್ದೆ.

ಅವಳು ಬೇಲಿಯಾಚೆ ನಿಂತಿದ್ದಳು. "ಹಾಕ್ದೆ ಕಣಕ್ಕ. ಮಿಂದು, ಕೈ ಮುಗ್ದು, ಕಣ್ ಮುಚ್ಕೊಂಡು ಹಾಕ್ದೆ. ಅದ್ಕೇ ಅರ್ಧ ನೀರು ನನ್ ಕಾಲ್ಮೇಲೇ ಬಿತ್ತು. ತಂಗಿ ಹೆಂಗವ್ರೆ?"

"ಎದ್ದು ಓಡಾಡ್ತಾವ್ಳೆ."

ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅಷ್ಟು ದಿನ ಹೆದರಿಕೊಂಡಿದ್ದವಳು ನಾನೊಬ್ಬಳೇ ಅಲ್ಲ ಎಂದು ಆಗ ಹೊಳೆಯಿತು.

"ಕೈಲೇನಕ್ಕ ಬಾಟ್ಲಿ?"

"ತೀರ್ಥ. ನಿಂಗೇ ತಂದೆ. ಈಚೆ ಬಾ, ಕೈ ಒಡ್ಡು."

ಸುಳ್ಳು. ದೇವರು ಕ್ಷಮಿಸಿರಬೇಕು. ಅವಳು ಬೇಲಿ ದಾಟಿ ಬಂದು ಕುಡಿದು, ಕೈ ತಲೆಗೆ ಒರೆಸಿಕೊಂಡಳು. ಮಿಕ್ಕದ್ದನ್ನು ನಾನು ಕುಡಿದೆ.

ನಿಯಮವನ್ನೆಲ್ಲ ಬಿಟ್ಟುಬಿಟ್ಟೆ ಎಂದರೆ ಅದೂ ಸುಳ್ಳಾಗುತ್ತದೆ. ದೇವರ ಮನೆಗೆ ಆ ದಿನಗಳಲ್ಲಿ ನಾನು ಹೋಗುತ್ತಿರಲಿಲ್ಲ. ಆದರೆ ಕಾರ್ತಿಕದಲ್ಲಿ ಹೂ ಬಂದಾಗ, ಹರಕೆಗೆ ಕೊಯ್ಯುವ ದಿನ ಅವಳು ಹೊರಗಿದ್ದಾಳೋ ಇಲ್ಲವೋ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಬ್ಬರೂ ಕೊಯ್ದೆವು.