ಬೆಳುವಾಯಿಯ ಕೀಸುಳಿ

ಅಂಗಡಿಯ ಸಾಯ್ಬರು ಬೆಳುವಾಯಿಗೆ ಹೋಗಿಯೇ ಇರಲಿಲ್ಲ. ನನಗೆ ಸುಳ್ಳು ಹೇಳಿದ್ದರು. ಆದದ್ದು ಇಷ್ಟೇ. ಅದು ಗೊತ್ತಾಗಲು ನನಗೆ ಹನ್ನೆರಡು ವರ್ಷ ಹಿಡಿಯಿತು.

ಗೊತ್ತಾದದ್ದು ಬೆಳುವಾಯಿಯಲ್ಲೇ, ಒಂದು ಮದುವೆಗೆ ಹೋದಾಗ. ಮದುವೆ ಮನೆಗೆ ಹೊಸ ಬಾಗಿಲು ಇಟ್ಟಿದ್ದರು. ಬಣ್ಣ ಕೊಟ್ಟಿರಲಿಲ್ಲ. ಹೊಸ್ತಿಲು ದಾಟುವಾಗ ಹಲಸಿನ ಮರವನ್ನು ಆಗಷ್ಟೇ ಕೀಸಿದ ವಾಸನೆ ಮೂಗಿಗೆ ಬಡಿಯಿತು... ಸ್ವಲ್ಪ ಸಿಹಿ, ಸ್ವಲ್ಪ ಹುಳಿ. ನನ್ನ ಕಾಲು ಅಲ್ಲೇ ನಿಂತಿತು. ಹಿಂದೆ ಬರುತ್ತಿದ್ದವರು, "ಹೋಗಿ ಮಾರಾಯ್ರೆ, ದಾರಿ ಬಿಡಿ" ಎಂದು ತಳ್ಳಿದರು. ಅವರಿಗೆ ಅದು ಹೊಸ ಮನೆಯ ವಾಸನೆ. ನನಗೆ ಹೆದರಿಕೆಯ ವಾಸನೆ.

ತೊಂಬತ್ತರ ಆ ವರ್ಷಗಳಲ್ಲಿ ನಾವು ಫರಂಗಿಪೇಟೆಯ ಒಳದಾರಿಯಲ್ಲಿ ಇದ್ದೆವು. ನಾನು ಬೀಡಿ ಕಟ್ಟುತ್ತಿದ್ದೆ. ನನ್ನ ಗಂಡ ಮರದ ಮಿಲ್ಲಿನಲ್ಲಿ ಹಲಗೆ ಕೀಸುವ ಯಂತ್ರಕ್ಕೆ ಮರ ಕೊಡುತ್ತಿದ್ದರು. ಮಿಲ್ಲಿನ ಸದ್ದು ಮನೆಯವರೆಗೆ ಕೇಳುತ್ತಿತ್ತು. ಒಂದು ದಿನ ಹೊತ್ತಲ್ಲದ ಹೊತ್ತಿನಲ್ಲಿ ಆ ಸದ್ದು ನಿಂತಿತು. ಕರೆಂಟು ಹೋಗಿರಬೇಕು ಎಂದುಕೊಂಡೆ. ಮನೆಯಲ್ಲಿ ಬಲ್ಬು ಉರಿಯುತ್ತಿತ್ತು. ಯಂತ್ರದೊಳಗೆ ನನ್ನ ಗಂಡನ ಜೊತೆಗಾರನ ಮೂರು ಬೆರಳು ಹೋಗಿದ್ದವು.

ಅಂದಿನಿಂದ ನನಗೆ ಸದ್ದಿನ ಹೆದರಿಕೆ ಅಲ್ಲ, ಸದ್ದು ನಿಲ್ಲುವ ಹೆದರಿಕೆ ಹಿಡಿಯಿತು. ಚಹಾಕ್ಕೆ ನಿಲ್ಲಿಸಿದರೂ ಕತ್ತರಿ ಕೈಯಿಂದ ಜಾರುತ್ತಿತ್ತು. ಎಲೆಯ ಮೊರ ಮಗುಚಿ ಬಿದ್ದರೂ ಲಕ್ಷ್ಯವಿಲ್ಲ, ಬರಿಗಾಲಲ್ಲಿ ಬೇಲಿಯ ತಡಮೆಯವರೆಗೆ ಓಡುತ್ತಿದ್ದೆ. ಮತ್ತೆ ಗರ್ ಎಂದು ಶುರುವಾದ ಮೇಲೆಯೇ ಉಸಿರು. ಸಂಜೆ ಅವರು ಬಂದರೆ ಮೊದಲು ಕೈ ನೋಡುತ್ತಿದ್ದೆ, ಆಮೇಲೆ ಮುಖ.

"ಮಿಲ್ಲು ಬಿಡಿ" ಎಂದೆ ಒಂದು ದಿನ.

"ಬಿಟ್ಟು ಎಂತ ಮಾಡುವುದು? ಉಗುರಿನಲ್ಲಿ ಮರ ಕೀಸುವುದಾ? ನನ್ನ ಕೀಸುಳಿ ಗೆದ್ದಲು ತಿಂದು ಎಷ್ಟು ಕಾಲ ಆಯಿತು. ಒಂದು ತಂದು ಕೊಡು, ಮನೆಯಲ್ಲೇ ಕೂತು ಬಾಗಿಲು ಮಾಡ್ತೇನೆ."

ನನ್ನ ಬಾಯಿ ಮುಚ್ಚಿಸಲು ಹೇಳಿದ ಮಾತು ಅದು. ನಾನು ಅದನ್ನೇ ಹಿಡಿದುಕೊಂಡೆ.

ಬಂಟ್ವಾಳ ಪೇಟೆಯಲ್ಲಿ ಹಳೆಯ ಕಬ್ಬಿಣದ ಅಂಗಡಿ ಇಟ್ಟಿದ್ದ ಸಾಯ್ಬರು ನಮ್ಮಂಥ ಬೀಡಿಯವರ ಕತ್ತರಿಗೆ ಸಾಣೆ ಹಿಡಿದು ಕೊಡುತ್ತಿದ್ದರು. ಬಿಳಿ ಬನಿಯನ್, ಚೌಕುಳಿ ಲುಂಗಿ, ಮೂಗಿನ ತುದಿಯಲ್ಲಿ ಕನ್ನಡಕ. ಹೆಂಗಸರನ್ನು ಕಾಯಿಸುತ್ತಿರಲಿಲ್ಲ, ಆದರೆ ಮಾತಿನಲ್ಲಿ ಚುಚ್ಚದೆ ಬಿಡುತ್ತಿರಲಿಲ್ಲ. ಕೀಸುಳಿ ಬೇಕು, ಕಡಿಮೆಗೆ ಸಿಗುವಂಥದ್ದು ಎಂದೆ.

"ಯಾರಿಗೆ? ನಿಮಗಾ? ಬೀಡಿಯನ್ನು ಇನ್ನು ಮರದಲ್ಲಿ ಕಟ್ಟುವುದಾ ಅಕ್ಕ?"

ಮೂರು ತೆಗೆದು ಮುಂದಿಟ್ಟರು. ಒಂದು ಕಬ್ಬಿಣದ್ದು, ಹೊಸತು, ಭಾರ. ಅದರ ಬೆಲೆ ಕೇಳಿ ನಾನೇ ಹಿಂದೆ ತಳ್ಳಿದೆ. ಇನ್ನೊಂದು ನೀಲಿ ಬಣ್ಣ ಬಳಿದದ್ದು, ಅದೂ ಹೊಸತು, ಕಡಿಮೆಗೆ. ಮೂರನೆಯದು ಹುಣಸೆ ಮರದ ಹಳೆಯ ಕೀಸುಳಿ, ಹಿಡಿದು ಹಿಡಿದು ಕಪ್ಪಾಗಿ ಹೊಳೆಯುತ್ತಿತ್ತು. ಹಿಂಭಾಗದಲ್ಲಿ ಒಂದು ಸಣ್ಣ ಮೀನು ಕೆತ್ತಿದ್ದರು. ಬೆಲೆ ನೀಲಿಯದಕ್ಕಿಂತಲೂ ಕಡಿಮೆ.

ಸಾಯ್ಬರು ನೀಲಿಯದನ್ನು ಗಾಜಿನ ಪೆಟ್ಟಿಗೆಯ ಮೇಲೆ ಇಟ್ಟರು. "ಬಗ್ಗಿ ನೋಡಿ. ಅಡಿಯಲ್ಲಿ ಬೆಳಕು ಕಾಣ್ತದಲ್ಲ? ಅಂದರೆ ಹೊಟ್ಟೆ ಸಮ ಇಲ್ಲ." ಹಳೆಯದನ್ನು ಇಟ್ಟರು. ಬೆಳಕು ಕಾಣಲಿಲ್ಲ. ಎರಡರ ಅಲಗನ್ನೂ ತೆಗೆದು ಮೊಳೆಯಿಂದ ತಟ್ಟಿದರು. ನೀಲಿಯದು ತಗಡಿನ ಹಾಗೆ ಟಪ್ ಎಂದಿತು. ಹಳೆಯದು ಸಣ್ಣಗೆ ಗುಂಯ್ ಎಂದು ಉಳಿಯಿತು. ನನಗೆ ಕತ್ತರಿ ಗೊತ್ತು, ಆ ಸದ್ದಿನ ವ್ಯತ್ಯಾಸವೂ ಗೊತ್ತು. ಆಮೇಲೆ ಅಲಗು ಹೊರಗೆ ಬರುವ ಸೀಳನ್ನು ತೋರಿಸಿದರು. "ಇದಕ್ಕೆ ಬಾಯಿ ಅಂತ ಹೇಳುವುದು. ಬಾಯಿ ದೊಡ್ಡದಿದ್ದರೆ ಮರವನ್ನು ಕಚ್ಚಿ ಕೀಳ್ತದೆ. ಕೀಸುಳಿಗೆ ಹೇಳಿದ್ದು ಅಕ್ಕ, ನಿಮಗಲ್ಲ."

"ಇಷ್ಟು ಒಳ್ಳೆಯದು ಇಷ್ಟು ಕಡಿಮೆಗೆ ಯಾಕೆ?" ಎಂದೆ. ಕಡಿಮೆಗೆ ಕೊಟ್ಟ ಮೀನಿನ ಕಿವಿರು ನೋಡದೆ ನಾನು ತಂದವಳಲ್ಲ.

"ಬೆಳುವಾಯಿಯ ಒಬ್ಬ ಆಚಾರಿಯದ್ದು. ಮೊನ್ನೆ ಮೊನ್ನೆ ತೀರಿಹೋದರು. ಮಕ್ಕಳು ತಂದು ಹಾಕಿದ್ದು."

ನಾನು ಕೈ ಹಿಂದೆ ತೆಗೆದೆ. ಸತ್ತವರ ಹದಿಮೂರನೆಯ ದಿನದ ಕ್ರಿಯೆಗೆ ನಾವು ಬೊಜ್ಜ ಎನ್ನುತ್ತೇವೆ. ಅದು ಆಗುವವರೆಗೆ ಅವರ ವಸ್ತುವನ್ನು ಇನ್ನೊಂದು ಮನೆಯ ಹೊಸ್ತಿಲು ದಾಟಿಸುವುದಿಲ್ಲ. ದಾಟಿಸಿದರೆ ವಸ್ತುವಿನ ಹಿಂದೆ ಅವರೂ ಬರುತ್ತಾರೆ, ಕುಲೆಯಾಗಿ, ಪ್ರೇತವಾಗಿ. ನನ್ನ ಅಜ್ಜಿ ಹೇಳಿದ್ದು, ಅವರ ಅಜ್ಜಿ ಹೇಳಿದ್ದು.

"ಬೊಜ್ಜ ಆಗಿದೆಯಾ?"

"ನನಗೆ ಹೇಗೆ ಗೊತ್ತು ಮಾರಾಯ್ತಿ? ಅಲಗನ್ನು ಕೇಳಿದೆ. ಸಾಣೆ ಹಿಡಿ ಅಂತ ಮಾತ್ರ ಹೇಳಿತು."

ನಾನು ನಗಲಿಲ್ಲ. ನೀಲಿಯದನ್ನೇ ತೆಗೆದುಕೊಂಡೆ. ಅವರು ತಲೆ ಅಲ್ಲಾಡಿಸಿ ಕಟ್ಟಿಕೊಟ್ಟರು. "ಆಗದಿದ್ದರೆ ಹಿಂದೆ ತನ್ನಿ. ಬಣ್ಣ ಹೋದರೂ ಅಡ್ಡಿಯಿಲ್ಲ."

ನನ್ನ ಗಂಡ ಹದಿನೈದು ದಿನ ರಜೆ ಹಾಕಿ ಮನೆಯಲ್ಲಿ ಉಳಿದರು. ಹತ್ತಿರದ ಶಾಲೆಯ ಮಾಸ್ತರರು ಹಲಸಿನ ಹಲಗೆ ಕೊಟ್ಟು ಒಂದು ಬಾಗಿಲು ಹೇಳಿದ್ದರು. ಹಲಸಿನ ನಾರು ಒಂದು ಗೇಣು ಈ ಕಡೆ, ಒಂದು ಗೇಣು ಆ ಕಡೆ. ನೀಲಿ ಕೀಸುಳಿ ಅದರ ಮೇಲೆ ಕಟಕಟ ಎಂದು ಕುಣಿಯಿತು. ನಯವಾಗಬೇಕಾದಲ್ಲಿ ಚೆಕ್ಕೆ ಎದ್ದಿತು. ಸಾಣೆ ಹಿಡಿದರೆ ನಾಲ್ಕು ಎಳೆತ, ಮತ್ತೆ ಮೊಂಡು. ಎಂಟನೆಯ ದಿನ ಹಲಗೆಯ ನಡುವೆ ಒಂದು ಅಂಗೈ ಅಗಲ ಕಿತ್ತು ಬಂತು. ಅವರು ಕೀಸುಳಿಯನ್ನು ತೆಂಗಿನ ಬುಡಕ್ಕೆ ಬಿಸಾಡಿ ಕೈ ತೊಳೆದರು. ಊಟಕ್ಕೆ ಕೂತಾಗ, "ಸೋಮವಾರ ಮಿಲ್ಲಿಗೆ ಹೋಗ್ತೇನೆ" ಎಂದರು. "ಆ ಬೆರಳು ಹೋದವನ ಜಾಗಕ್ಕೆ ಜನ ಬೇಕಂತೆ. ಸಂಬಳವೂ ಸ್ವಲ್ಪ ಜಾಸ್ತಿ."

ಅವನ ಜಾಗಕ್ಕೆ... ಯಂತ್ರದ ಬಾಯಿಯ ಹತ್ತಿರ.

ಅದು ಬುಧವಾರ. ಗುರುವಾರ ಮೊದಲ ಬಸ್ಸಿಗೆ ನೀಲಿಯದನ್ನು ಚೀಲಕ್ಕೆ ಹಾಕಿಕೊಂಡು ಹೋದೆ. ಮೀನಿನ ಗುರುತಿನದ್ದು ಇನ್ನೂ ಅಲ್ಲೇ ಇತ್ತು. ಅದನ್ನು ನೋಡಿದೆ, ಮುಟ್ಟಲು ಆಗಲಿಲ್ಲ. ಅಂಗಡಿಯ ಮೆಟ್ಟಿಲಲ್ಲಿ ಕೂತುಬಿಟ್ಟೆ. ಎಲ್ಲವನ್ನೂ ಹೇಳಿದೆ, ಮಿಲ್ಲು, ಬೆರಳು, ಸೋಮವಾರ. ಸಾಯ್ಬರು ಆ ದಿನ ಚುಚ್ಚಲಿಲ್ಲ.

"ನಿಮಗೆ ಯಾವುದರ ಹೆದರಿಕೆ ಜಾಸ್ತಿ ಅಕ್ಕ? ಮಿಲ್ಲಿನದ್ದಾ, ಸತ್ತವರದ್ದಾ?"

"ಎರಡೂ."

"ಹಾಗಾದರೆ ಒಂದನ್ನು ನಾನು ಕಡಿಮೆ ಮಾಡ್ತೇನೆ. ಬೆಳುವಾಯಿಗೆ ಹೋಗಿ ವಿಚಾರಿಸಿ ಬರ್ತೇನೆ. ಶನಿವಾರ ಬನ್ನಿ."

ಶನಿವಾರ ಹೋದೆ. ಅಲಗು ಸಾಣೆ ಹಿಡಿದು ಸಿದ್ಧವಾಗಿತ್ತು. "ಹೋಗಿ ಬಂದೆ" ಎಂದರು ಸಾಯ್ಬರು. "ಹದಿಮೂರಕ್ಕೇ ಬೊಜ್ಜ ಆಗಿದೆಯಂತೆ, ಊರಿಗೇ ಊಟ ಹಾಕಿದ್ದಾರಂತೆ. ಅಂಗಳದಲ್ಲಿ ಒಂದು ಪುನರ್ಪುಳಿ ಮರ ಉಂಟು. ಆ ಮನೆಯ ಹೆಂಗಸು ಅದರ ಶರಬತ್ತು ಕೊಟ್ಟರು. ಸಕ್ಕರೆ ಸ್ವಲ್ಪ ಕಡಿಮೆ ಆಗಿತ್ತು."

ಶರಬತ್ತಿಗೆ ಸಕ್ಕರೆ ಕಡಿಮೆ ಎಂದದ್ದಕ್ಕೆ ನಾನು ನಂಬಿದೆ. ಸುಳ್ಳು ಹೇಳುವವನು ಸಕ್ಕರೆಯವರೆಗೆ ಹೋಗುತ್ತಾನೆಯೇ?

ಆದರೂ ಕೈಯಿಂದ ಮುಟ್ಟಲಿಲ್ಲ. ಅವರೇ ಚೀಲಕ್ಕೆ ಹಾಕಿದರು. ಬಸ್ಸಿನಲ್ಲಿ ಚೀಲವನ್ನು ಕಾಲಿನ ಹತ್ತಿರವೂ ಇಡದೆ ಸೀಟಿನ ಕೊಕ್ಕೆಗೆ ತೂಗುಹಾಕಿದೆ. ಅದು ಅಲ್ಲಾಡಿದಾಗಲೆಲ್ಲ ನಾನು ಬದಿಗೆ ಸರಿದು ಕೂರುತ್ತಿದ್ದೆ. ಗಂಡನಿಗೆ ಸತ್ತವರ ವಿಷಯ ಹೇಳಲಿಲ್ಲ. ಅವರು ಅದನ್ನು ತೆಗೆದು ಹಲಗೆಯ ಮೇಲೆ ಒಮ್ಮೆ ಎಳೆದರು. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಸುರುಳಿ ಮೇಲೆದ್ದು ಬಂತು. "ಇದು ಎಲ್ಲಿತ್ತು ಇಷ್ಟು ದಿನ?" ಎಂದರು. ಸೋಮವಾರ ಮಿಲ್ಲಿಗೆ ಹೋಗಲಿಲ್ಲ. ಮತ್ತೆ ಯಾವ ಸೋಮವಾರವೂ ಹೋಗಲಿಲ್ಲ.

ಒಂದು ಹೆದರಿಕೆ ಹೋಯಿತು. ಇನ್ನೊಂದು ಪೂರ್ತಿ ಹೋಗಲಿಲ್ಲ. ಜಗಲಿಯಲ್ಲಿ ಕೀಸುವ ಸದ್ದು ಕೇಳುತ್ತಿದ್ದರೆ ನಾನು ಆಗಾಗ ಇಣುಕುತ್ತಿದ್ದೆ, ಕೀಸುತ್ತಿರುವುದು ಅವರೇ ತಾನೇ ಎಂದು. ಅದು ಇದ್ದ ಮೂಲೆಯನ್ನು ಉದ್ದ ಹಿಡಿಯ ಪೊರಕೆಯಲ್ಲೇ ಗುಡಿಸುತ್ತಿದ್ದೆ. ಆಯುಧ ಪೂಜೆಯ ದಿನ ಹೂವನ್ನು ದೂರದಿಂದ ಎಸೆಯುತ್ತಿದ್ದೆ. ಮಗಳು ನಗುತ್ತಿದ್ದಳು. ನಗಲಿ.

ಸಾಯ್ಬರು ಅದಾದ ನಾಲ್ಕೈದು ವರ್ಷಕ್ಕೆ ತೀರಿಹೋದರು. ಕತ್ತರಿ ಹಿಡಿದುಕೊಂಡು ಹೋದಾಗ ಅಂಗಡಿ ಮುಚ್ಚಿತ್ತು, ಪಕ್ಕದವರು ಹೇಳಿದರು. ಮನೆಗೆ ಹೋಗಿ ಎರಡು ಮಾತು ಆಡಿ ಬರಬೇಕಿತ್ತು. ಹೋಗಲಿಲ್ಲ. ಕತ್ತರಿಯನ್ನು ಬೇರೆ ಕಡೆ ಕೊಟ್ಟು ಬಂದೆ.

ನನ್ನ ಗಂಡನೂ ಆಮೇಲೆ ತೀರಿಕೊಂಡರು, ಜ್ವರದಲ್ಲಿ. ಮಲಗಿಸಿದಾಗ ನಾನು ಅವರ ಬೆರಳು ಎಣಿಸಿದೆ. ಹತ್ತೂ ಇದ್ದವು.

ಬೆಳುವಾಯಿಯ ಮದುವೆಗೆ ಹೋದದ್ದು ಅದರ ಮರುವರ್ಷ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತ ಹೆಂಗಸನ್ನು ಕೇಳಿದೆ, ಈ ಊರಿನಲ್ಲಿ ಕೀಸುಳಿಗೆ ಮೀನು ಕೆತ್ತುವ ಆಚಾರಿ ಒಬ್ಬರು ಇದ್ದರಂತಲ್ಲ ಎಂದು.

"ಅಯ್ಯೋ, ನನ್ನ ಮಾವನೇ ಅಲ್ವಾ!" ಎಂದಳು. "ನಿಮಗೆ ಹೇಗೆ ಗೊತ್ತು?"

"ಅವರ ಬೊಜ್ಜಕ್ಕೆ ಊರಿಗೇ ಊಟ ಹಾಕಿದ್ದಿರಂತೆ."

ಅವಳು ಅನ್ನ ಕಲಸುವುದನ್ನು ನಿಲ್ಲಿಸಿದಳು. "ಯಾರು ಹೇಳಿದ್ದು? ನನ್ನ ಗಂಡನಿಗೂ ಭಾವನಿಗೂ ಜಾಗದ ಜಗಳ. ಬೊಜ್ಜ ಆದದ್ದು ಎರಡು ವರ್ಷ ಕಳೆದ ಮೇಲೆ. ಊಟಕ್ಕೆ ಬಂದದ್ದು ಏಳು ಜನ."

"ಬಂಟ್ವಾಳದಿಂದ ಒಬ್ಬ ಸಾಯ್ಬರು ಕೇಳಿಕೊಂಡು ಬಂದಿರಲಿಲ್ಲವಾ? ನೀವು ಪುನರ್ಪುಳಿ ಶರಬತ್ತು ಕೊಟ್ಟಿದ್ದಿರಂತೆ."

"ಯಾರೂ ಬರಲಿಲ್ಲ. ಪುನರ್ಪುಳಿ ಮರ ನಮ್ಮ ಅಂಗಳದಲ್ಲಿ ಎಲ್ಲಿ ಉಂಟು?"

ಪಾಯಸ ಬಂತು. ಬೇಡ ಎಂದೆ. ಎರಡು ವರ್ಷ... ಬೊಜ್ಜ ಆಗದವರ ಕೀಸುಳಿ ಎರಡು ವರ್ಷ ನನ್ನ ಜಗಲಿಯಲ್ಲಿ, ನನ್ನ ಗಂಡನ ಕೈಯಲ್ಲಿ ಇತ್ತು. ಮೂಡುಬಿದಿರೆಗೆ ಬಂದು ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಸಾಯ್ಬರನ್ನು ಬೈದೆ. ಹೆದರುವವಳ ಹತ್ತಿರ ಹಾಗೆ ಸುಳ್ಳು ಹೇಳುವುದಾ? ಬಂಟ್ವಾಳ ಪೇಟೆ ದಾಟುವಾಗ ಅಂಗಡಿ ಇದ್ದ ಕಡೆ ನೋಡಿದೆ. ಮೊಬೈಲ್ ಅಂಗಡಿ ಆಗಿದೆ. ನಿಜ ಹೇಳಿದ್ದರೆ ನಾನು ಆ ಕೀಸುಳಿ ತರುತ್ತಿರಲಿಲ್ಲ. ತರದಿದ್ದರೆ ಸೋಮವಾರ... ಬೈಯುವುದನ್ನು ಅಲ್ಲಿಗೆ ನಿಲ್ಲಿಸಿದೆ. ಬೈಸಿಕೊಳ್ಳಲೂ ಆ ಮನುಷ್ಯ ಇಲ್ಲ.

ಮರುದಿನ ಬೆಳಿಗ್ಗೆ ಗಂಜಿ ಉಂಡು ಅಟ್ಟ ಹತ್ತಿದೆ. ಕೀಸುಳಿ ಗಂಡನ ಹಳೆಯ ಪಂಚೆಯಲ್ಲಿ ಮಗಳು ಸುತ್ತಿಟ್ಟಂತೆಯೇ ಇತ್ತು. ಬರಿಗೈಯಿಂದಲೇ ಅದನ್ನು ಎತ್ತಿದೆ, ಮೊದಲ ಸಲ. ಅಲಗಿನ ತುಕ್ಕನ್ನು ಬಟ್ಟೆ ಒಗೆಯುವ ಕಲ್ಲಿನಲ್ಲಿ ಉಜ್ಜಿ ತೆಗೆದೆ. ಮೊಳೆಯಿಂದ ತಟ್ಟಿ ನೋಡಿದೆ. ಗುಂಯ್ ಎಂದಿತು. ಹಿತ್ತಿಲ ಬಾಗಿಲು ಮಳೆಗೆ ಉಬ್ಬಿ ಎರಡು ತಿಂಗಳಿಂದ ಮುಚ್ಚುತ್ತಿರಲಿಲ್ಲ. ಪಕ್ಕದ ಮನೆಯವನನ್ನು ಕರೆದು ಅದನ್ನು ಕಳಚಿಸಿ, ಜಗಲಿಯಲ್ಲಿ ಅಡ್ಡ ನಿಲ್ಲಿಸಿ, ಅಂಚನ್ನು ನಾನೇ ಕೀಸಿದೆ.