ಸತ್ತ ಯಂತ್ರ ಎದ್ದು ಕೂತ ಮಧ್ಯಾಹ್ನ

ಏಳನೇ ತರಗತಿಗೆ ಶಾಲೆ ಬಿಟ್ಟವನು ನಾನು. ಮೋಟಾರು ವೈಂಡಿಂಗ್ ಕಲಿತೆ, ಆಮೇಲೆ ಕೇಬಲ್ ಟಿವಿ ಎಳೆದೆ. ಅದೇ ಕಂಬಗಳ ಮೇಲೆ ಈಗ ಇಂಟರ್ನೆಟ್ ತಂತಿ ಓಡುತ್ತದೆ. ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಯಾವ ಕಂಬದಲ್ಲಿ ಯಾವ ಗಂಟು ಹಾಕಿದ್ದೇನೆಂದು ಕಣ್ಣು ಮುಚ್ಚಿ ಹೇಳಬಲ್ಲೆ. ಇದನ್ನು ಜಂಬವೆಂದರೂ ಸರಿ.

ಹಡಗಲಿಯ ಹೂವಿನ ವ್ಯಾಪಾರಸ್ಥರು ಬೆಳಗಿನ ವಹಿವಾಟನ್ನು ಮೊಬೈಲಿಗೆ ತರಲು ಹೊರಟಿದ್ದರು. ಆ್ಯಪ್ ಬರೆದವರು ಬೇರೆ. ಅದು ಓಡುವ ಸರ್ವರ್‌ಗಳನ್ನು ನಿಲ್ಲದಂತೆ ನೋಡಿಕೊಳ್ಳುವ ಕೆಲಸ ನನಗೆ ಬರಬೇಕಿತ್ತು, ಇನ್ನೂ ಬಂದಿರಲಿಲ್ಲ. ಮಲ್ಲಿಗೆ ಮೊಗ್ಗು ಯಾರಿಗೂ ಕಾಯುವುದಿಲ್ಲ. ಬುಟ್ಟಿ ಬಸ್ಸು ಹತ್ತುವ ಮೊದಲೇ ದಾವಣಗೆರೆಯವನೋ ಹೊಸಪೇಟೆಯವನೋ ಅದನ್ನು ಕೊಂಡಿರಬೇಕು. ಆ ಹೊತ್ತಿಗೆ ಯಂತ್ರ ಮಲಗಿದರೆ ಹೂವು ಕೈಯಲ್ಲೇ ಅರಳಿ ಕಸವಾಗುತ್ತದೆ.

ಅದಕ್ಕೇ ಎರಡು ಸರ್ವರ್ ಇಟ್ಟೆ. ಕೊಟ್ಟೂರಿನದು ಯಜಮಾನ. ಹಗರಿಬೊಮ್ಮನಹಳ್ಳಿಯದು ಅದರ ಲೆಕ್ಕವನ್ನೆಲ್ಲ ನಕಲು ಮಾಡಿಕೊಳ್ಳುತ್ತ, ಕ್ಷಣಕ್ಷಣಕ್ಕೂ ಇದ್ದೀಯಾ ಎಂದು ಕೇಳುತ್ತಿರುತ್ತದೆ. ಉತ್ತರ ಬರದಿದ್ದರೆ ತಾನೇ ಯಜಮಾನಿಕೆ ವಹಿಸಿಕೊಳ್ಳುತ್ತದೆ.

ವ್ಯಾಪಾರಸ್ಥರಲ್ಲಿ ಹಿರಿಯಳು ಒಬ್ಬಾಕೆ. ಬುಟ್ಟಿಯ ತಳಕ್ಕೆ ಕೈ ಹಾಕಿ ನೋಡದೆ ಒಂದು ಮೊಳ ಹೂವನ್ನೂ ಕೊಳ್ಳುವವಳಲ್ಲ. ಬಾಯಿಮಾತಿನಲ್ಲಿ ಎಲ್ಲರ ಯಂತ್ರವೂ ಓಡುತ್ತದೆ ಎಂದು ಆಕೆ ನಕ್ಕಾಗ ನನಗೆ ತಡೆಯಲಾಗಲಿಲ್ಲ.

“ಯಾವ ತಂತಿ ಬೇಕಾದ್ರೂ ನಿಮ್ಮ ಕೈಯಾರ ಕೀಳ್ರಿ. ಯಾಪಾರ ನಿಂತ್ರ ನನ್ನ ಮತ್ತ ಕರೀಬ್ಯಾಡ್ರಿ” ಎಂದೆ.

ಹೂವಿನ ವಹಿವಾಟಿಲ್ಲದ ಹೊತ್ತೆಂದು ಶುಕ್ರವಾರ ಮಧ್ಯಾಹ್ನ ಪರೀಕ್ಷೆಗೆ ನಿಗದಿಯಾಯಿತು. ಆಕೆಯ ಅಳಿಯ ಕೊಟ್ಟೂರಿಗೆ ಹೋಗಿ, ಕರೆಂಟು ಹೋದಾಗ ಯಂತ್ರ ಓಡಿಸುವ ಬ್ಯಾಟರಿ ಬಿಚ್ಚಿ, ಯಂತ್ರವಿರುವ ಮಾಳಿಗೆಯ ಕೆಳಗಿನ ಬೋರ್ಡಿನಿಂದ ಎರಡು ಫ್ಯೂಸ್ ಕೀಳಬೇಕು. ಯಾವಾಗ ಕೀಳುತ್ತಾನೆಂದು ನನಗೆ ಹೇಳುವಂತಿಲ್ಲ. ಆ್ಯಪಿನಲ್ಲಿ ಒಂದು ಸುಳ್ಳು ಬುಟ್ಟಿ ಮಾರಾಟಕ್ಕಿಟ್ಟರು.

ನಾನು ಹಡಗಲಿಯ ಹೂವಿನಂಗಡಿಯಲ್ಲಿ ಅವರೆಲ್ಲರ ನಡುವೆ ಕೂತಿದ್ದೆ. ಪರದೆಯ ಮೇಲಿನ ದರ ಒಮ್ಮೆಲೇ ನಿಂತಿತು. ಎಲ್ಲರೂ ಪರದೆಯತ್ತ ಬಾಗಿದರು. ಆಮೇಲೆ ದರ ಮತ್ತೆ ಮಿಸುಕಿತು, ಹಗರಿಬೊಮ್ಮನಹಳ್ಳಿ ಎದ್ದಿತ್ತು. ಪಕ್ಕದವನೊಬ್ಬ ಸುಳ್ಳು ಬುಟ್ಟಿಯನ್ನು ಕೊಂಡ. ನಿನ್ನದಾಯಿತು ಎಂದು ಮೊಬೈಲು ಹೇಳಿತು. ನಾನು ಮೀಸೆಗೆ ಕೈ ಹಾಕುವಷ್ಟರಲ್ಲಿ ಕೊಟ್ಟೂರಿನಿಂದ ಅಳಿಯನ ಫೋನು. ಮಾಳಿಗೆಯ ಎದುರಿನ ಚಹಾದಂಗಡಿಯಲ್ಲಿ ಕೂತು ತಾನೂ ಅದೇ ಬುಟ್ಟಿ ಕೊಂಡೆ, ತನ್ನದಾಯಿತೆಂದು ಬಂದಿದೆ, ಈಗೇನು ಮಾಡಲಿ ಎಂದು ಕೇಳಿದ.

ಆಕೆ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ನನ್ನ ಕಡೆ ತಿರುಗಿದಳು.

“ಒಂದ ಬುಟ್ಟಿ, ಇಬ್ಬರು ಮಾಲೀಕರು. ನಿನ್ನ ಯಂತ್ರ ಸಾಯೋದು ಕಲತೈತಿ, ಸತ್ತಮ್ಯಾಲ ಸುಮ್ಮನಿರೋದು ಕಲತಿಲ್ಲ ನೋಡಪ್ಪ.”

ಕೊಟ್ಟೂರಿನ ಯಂತ್ರ ಇರುವುದು ನನ್ನ ಹಳೆಯ ಗೆಳೆಯನೊಬ್ಬನ ಬೈಕ್ ಗ್ಯಾರೇಜಿನ ಮಾಳಿಗೆಯಲ್ಲಿ. ಅವನಿಗೆ ಫೋನು ಮಾಡಿದೆ. ಪರೀಕ್ಷೆಯ ಸುದ್ದಿ ತಿಳಿಯದ ಅವನು ನಮಾಜು ಮುಗಿಸಿ ಆಗಷ್ಟೇ ಬಂದಿದ್ದ.

“ಮ್ಯಾಲ ಕತ್ತಲಾಗಿತ್ತಲೇ, ಯಾರೋ ಫ್ಯೂಸ್ ಕಿತ್ತು ಬೋರ್ಡಿನ ಮ್ಯಾಲ ಇಟ್ಟಿದ್ರು. ಒಂದು ಫೇಸ್ ಹೋಗೇತಿ ಅಂತ ಬದಲಿ ಮಾಡೀನಿ. ನೀ ಇದ್ರ ಮಾಡ್ತಿದ್ದಿಲ್ಲೇನು?”

ಮಾಡುತ್ತಿದ್ದೆ. ನಮ್ಮ ಕಡೆ ಯಾರಾದರೂ ಮಾಡುತ್ತಾರೆ. ಕರೆಂಟಿನ ಮೂರು ಫೇಸಿನಲ್ಲಿ ಒಂದು ಹೋಗುವುದು ದಿನದ ಮಾತು. ಹೋದರೆ ಫ್ಯೂಸನ್ನು ಜೀವ ಇರುವ ಇನ್ನೊಂದು ಫೇಸಿಗೆ ಚುಚ್ಚುವುದು. ನೆರೆಯವನ ಮನೆ ಕತ್ತಲಾಗಿದ್ದರೆ ಅವನದನ್ನೂ ಕೇಳದೆ ಚುಚ್ಚಿ ಬರುತ್ತೇವೆ. ಹಾಗೆ ಕೊಟ್ಟೂರಿನ ಯಂತ್ರ ಎದ್ದಿತು. ಊರೊಳಗಿನ ತಂತಿಗಳಿಗೆ ಜೀವ ಬಂತು, ಚಹಾದಂಗಡಿಯ ವೈಫೈಗೂ. ಊರಾಚೆಗೆ, ಹಗರಿಬೊಮ್ಮನಹಳ್ಳಿ ಕಡೆಗೆ ಹೋಗುವ ಕೊಂಡಿಯ ಪೆಟ್ಟಿಗೆಯ ಫ್ಯೂಸು ಮಾತ್ರ ಬೇರೆ, ಅದು ಅಳಿಯನ ಜೇಬಿನಲ್ಲೇ ಇತ್ತು. ತನ್ನ ಜಾಗದಲ್ಲಿ ಇನ್ನೊಬ್ಬ ಕೂತಿರುವುದು ಯಂತ್ರಕ್ಕೆ ಹೇಗೆ ತಿಳಿಯಬೇಕು? ಯಜಮಾನ ನಾನೇ ಎಂದುಕೊಂಡು ವ್ಯಾಪಾರ ಶುರು ಮಾಡಿತು.

ಗ್ಯಾರೇಜಿನವನಿಗೆ ಬೋರ್ಡು ಮುಟ್ಟಬೇಡವೆಂದು ಹೇಳಿ ಇನ್ನೊಮ್ಮೆ ನೋಡಿದರಾಯಿತು ಎಂದು ಯಾರೋ ಅಂದರು. ನಾನು ಒಪ್ಪಲಿಲ್ಲ. ಅವನ ಕೈ ಕಟ್ಟಿದರೆ ನಾಳೆ ಇನ್ನೊಬ್ಬನ ಕೈ ಬರುತ್ತದೆ. ಕೈ ಕಟ್ಟಿ ಗೆದ್ದರೆ ಅದು ಪರೀಕ್ಷೆಯಲ್ಲ ಎಂದೆ. ಆಕೆ ನನ್ನ ಮುಖವನ್ನೇ ನೋಡಿ, ಬರುವ ಶುಕ್ರವಾರದವರೆಗೆ ಸಮಯ ಕೊಟ್ಟಳು. ಅದಾದ ಮೇಲೆ ಇಲ್ಲ.

ಕೂಡ್ಲಿಗಿಯಲ್ಲಿ ಮೂರನೆಯದೊಂದು ಸಣ್ಣ ಪೆಟ್ಟಿಗೆ ಇಟ್ಟೆ. ಅದು ವ್ಯಾಪಾರ ಮಾಡುವುದಿಲ್ಲ, ಸಾಕ್ಷಿ ಹೇಳುತ್ತದೆ ಅಷ್ಟೇ. ಇನ್ನೊಬ್ಬರ ಒಪ್ಪಿಗೆ ಸಿಕ್ಕ ಯಂತ್ರವೇ ಯಜಮಾನ. ಒಂಟಿಯಾಗಿ ಎದ್ದದ್ದು ಬಾಯಿ ಮುಚ್ಚಿಕೊಂಡು ಕೂರಬೇಕು. ಆ ವಾರವೆಲ್ಲ ಒಂದೊಂದೇ ಊರನ್ನು ನಾನೇ ಕೊಂದು ನಾನೇ ಎಬ್ಬಿಸಿದೆ. ಒಮ್ಮೆ ಕೂಡ್ಲಿಗಿಯ ಉತ್ತರ ತಡವಾಗಿ, ಎರಡೂ ಸರ್ವರ್‌ಗಳು ನೀನು ಮೊದಲು ನೀನು ಮೊದಲು ಎಂಬಂತೆ ಸುಮ್ಮನೆ ಕೂತುಬಿಟ್ಟವು. ಕಾಯುವ ಹೊತ್ತನ್ನು ಹಿಗ್ಗಿಸಿ ಮತ್ತೆ ಮೊದಲಿನಿಂದ ನೋಡಿದೆ.

ಶುಕ್ರವಾರ ಆಕೆಯೇ ಬಸ್ಸಿನಲ್ಲಿ ಕೊಟ್ಟೂರಿಗೆ ಬಂದಳು. ಬ್ಯಾಟರಿಯನ್ನು ನನ್ನಿಂದ ಬಿಚ್ಚಿಸಿ, ಎರಡೂ ಫ್ಯೂಸುಗಳನ್ನು ತಾನೇ ಕಿತ್ತಳು. ಹಡಗಲಿಯಿಂದ ಫೋನು ಬಂತು: ನಿಂತಿತ್ತು, ಮತ್ತೆ ಎದ್ದಿದೆ, ಹೊಸ ಸುಳ್ಳು ಬುಟ್ಟಿ ಅಲ್ಲಿ ಮಾರಾಟವಾಗಿದೆ. ಆಕೆ ಗ್ಯಾರೇಜಿನ ನನ್ನ ಗೆಳೆಯನಿಗೆ ಕಣ್ಸನ್ನೆ ಮಾಡಿದಳು.

“ಹೋದ ಸಲ ಹೆಂಗ ಮಾಡಿದ್ಯೋ ಹಂಗ ಮಾಡಪ್ಪ.”

ಅವನು ಒಂದು ಫ್ಯೂಸನ್ನು ಬೇರೆ ಫೇಸಿಗೆ ಚುಚ್ಚಿದ. ಮೇಲೆ ಫ್ಯಾನು ಗುಯ್ಯೆಂದಿತು. ಆಕೆ ಮೊಬೈಲಿನಲ್ಲಿ ಅದೇ ಬುಟ್ಟಿಯನ್ನು ಒತ್ತಿದಳು. ಚಕ್ರ ತಿರುಗುತ್ತಲೇ ಇತ್ತು. ತಡೆಯಿರಿ ಎಂದು ಬಂತು. ಮತ್ತೆ ಒತ್ತಿದಳು, ಮತ್ತೆ ತಡೆಯಿರಿ. ಚಹಾದಂಗಡಿಗೆ ಹೋಗಿ ಅಲ್ಲಿಂದಲೂ ಒತ್ತಿ ನೋಡಿ ಬಂದಳು. ಕೊನೆಗೆ ಎರಡನೆಯ ಫ್ಯೂಸನ್ನೂ ತಾನೇ ಹಾಕಿದಳು. ಕೊಟ್ಟೂರು ಉಳಿದಿಬ್ಬರನ್ನು ಕೇಳಿ ತಿಳಿದುಕೊಂಡಿತು. ಬುಟ್ಟಿ ಮಾರಾಟವಾಗಿದೆ ಎಂದು ಆಕೆಯ ಮೊಬೈಲಿನಲ್ಲಿ ಮೂಡಿತು.

ಆಕೆ ಹೊಗಳಲಿಲ್ಲ. ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತ, “ನಾಳಿಂದ ಹೂವು ಹಾಕ್ತೀನಿ. ನಂದಷ್ಟ. ಉಳಿದೋರು ಸ್ವಲ್ಪ ದಿನ ನನ್ನ ನೋಡ್ಲಿ” ಎಂದಳು.

ಎಲ್ಲರ ಹೂವೂ ಸಿಗುತ್ತದೆಂದು ನಾನು ನಿರೀಕ್ಷಿಸಿದ್ದೆ. ಹಾಗಂತ ಹೇಳಲಿಲ್ಲ, ಆಗಲಿ ಎಂದೆ. ಆಕೆಯನ್ನು ಹಡಗಲಿ ಬಸ್ಸು ಹತ್ತಿಸಿ ಬಂದು, ಮಾಳಿಗೆ ಏರಿ ಬ್ಯಾಟರಿಯ ತಂತಿಗಳನ್ನು ಬಿಗಿದೆ. ಬೆಳಗಾದರೆ ಬರುವುದು ನಿಜವಾದ ಬುಟ್ಟಿಗಳು.