ಅಗಲ ಎಲೆಯ ಶುಂಠಿ

ಗಾವಡಗೆರೆಯಲ್ಲಿ ಶುಂಠಿ ಬೆಳೆಯುವವರಿಗೆ ಎಲೆ ರೋಗದ ತರಬೇತಿ ಮುಗಿಸಿ, ಎಂದಿನಂತೆ ಕೊನೆಗೆ ಹೇಳಿದೆ: "ತಪ್ಪಿದ್ರೆ ಮುಲಾಜಿಲ್ಲದೆ ಹೇಳಿ. ನನಗೆ ಹೊಗಳಿಕೆ ಬೇಡ." ಮೂರು ವರ್ಷದಿಂದ ಹೀಗೇ ಕೇಳುತ್ತಿದ್ದೆ. ಎಲ್ಲರೂ "ಸೂಪರ್ ಸಾ" ಅಂದು ಚಪ್ಪಾಳೆ ತಟ್ಟುತ್ತಿದ್ದರು.

ಈ ಸಲ ಹಿಂದಿನ ಸಾಲಿನಿಂದ ಕೆಂಪಮ್ಮ ಎಂಬ ರೈತ ಹೆಂಗಸು ಎದ್ದು ನಿಂತರು.

"ಬೇಜಾರು ಮಾಡ್ಕಬ್ಯಾಡಿ ಸಾ. ನೀವು ತೋರ್ಸಿದ್ದು ಶುಂಠಿ ಫೋಟೋ ಅಲ್ಲ, ಅರಿಸಿನದ್ದು. ಎಲೆ ಎಷ್ಟು ಅಗಲ ಅದೆ ನೋಡಿ. ವೋದ್ವರ್ಸಾನೂ ಇದ್ನೇ ತೋರ್ಸಿದ್ರಿ."

ಪರದೆ ಮೇಲಿದ್ದ ಫೋಟೋ ನೋಡಿದೆ. ಎಲೆ ಅಗಲವಾಗಿಯೇ ಇತ್ತು.

"ಹೋದ ವರ್ಷವೇ ಯಾಕಮ್ಮ ಹೇಳಲಿಲ್ಲ?"

"ಆಗ ಪಾಯಸದೂಟ ಆಕ್ಸಿದ್ರಿ, ಎಂಗೇಳದು? ಈ ಸಲ ಬರೀ ಬಿಸ್ಕತ್ತು ಕಣ್ರೀ."

ಆಫೀಸಿಗೆ ವರದಿ ಬರೆದೆ: "ರೈತರು ಅರಿಸಿನದ ಬಗ್ಗೆಯೂ ತರಬೇತಿ ಬಯಸುತ್ತಾರೆ. ಮುಂದಿನ ಸಲ ಪಾಯಸ ಕಡ್ಡಾಯವಾಗಿ ಇರಲಿ."